ಪಂಪಾಸ್‌ನ ಪಿಪಿಟ್‌ಗಳು: ನಾಲ್ಕು ಹಕ್ಕಿ, ನಾಲ್ಕೂ ಒಂದೇ ಥರ. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಹುಲ್ಲುಗಾವಲಿಗ · ಅಕ್ಟೋಬರ್ 14, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಎಂಟು ತಿಂಗಳಿಂದ ಬ್ಯೂನಸ್ ಐರಿಸ್‌ನಲ್ಲಿದ್ದೇನೆ. ಇಲ್ಲೀಗ ವಸಂತ. ಮೂರು ವಾರಾಂತ್ಯ ಊರ ಹೊರಗಿನ ಪಂಪಾಸ್ ಹುಲ್ಲುಗಾವಲು ಸುತ್ತಿ ಪಿಪಿಟ್‌ಗಳ, ಅಂದ್ರೆ ನೆಲದ ಮೇಲೆ ಓಡಾಡೋ ಪುಟ್ಟ ಕಂದು ಹಕ್ಕಿಗಳ, ಬೆನ್ನು ಬಿದ್ದಿದ್ದೆ. ಕೊನೆಗೆ ಅವೇ ನನ್ನ ತಲೆ ತಿಂದವು.

ನಾಲ್ಕು ಹಕ್ಕಿಗಳ ಚಿತ್ರ ಹಾಕಿದ್ದೇನೆ. ಒಂದನೆಯದು ಸಿಯೆರಾ ದೆ ಲಾ ವೆಂತಾನಾ ಗುಡ್ಡಗಳ ಬುಡದಲ್ಲಿ, ಬೇಲಿ ಕಂಬದ ಮೇಲೆ ಕೂತು ಹಾಡ್ತಿತ್ತು. ಎರಡನೆಯದು ಮಗ್ದಲೇನಾ ಹತ್ತಿರ, ದನ ಮೇಯ್ದು ಬೋಳಾದ ಹುಲ್ಲಿನಲ್ಲಿ. ಮೂರನೆಯದು ಸಾನ್ ಕ್ಲೆಮೆಂತೆ ಕಡೆಯ ಕರಾವಳಿ ಜೌಗಿನಲ್ಲಿ. ನಾಲ್ಕನೆಯದು ಅದೇ ದಾರಿಯ ಹೊಂಡವೊಂದರ ಅಂಚಿನಲ್ಲಿ. ಚಿಕ್ಕದು, ಹೊಟ್ಟೆ ಸ್ವಲ್ಪ ಹಳದಿ.

ಹಕ್ಕಿ ಗುರುತಿಸೋ ಆ್ಯಪ್ ನಾಲ್ಕಕ್ಕೂ ಕೊರೆಂಡೇರಾ ಪಿಪಿಟ್ ಅಂತಿದೆ. ನನಗೂ ನಾಲ್ಕರ ಎದೆ ಮೇಲೂ ಗೆರೆ ಕಾಣ್ತಿದೆ, ನಾಲ್ಕೂ ಕಂದು. ಹಾಗಂತ ಬರೆದುಕೊಂಡು ಬಿಡಲಾ?

ಹೆಸರಘಟ್ಟದಜ್ಜ · ಅಕ್ಟೋಬರ್ 14, ರಾತ್ರಿ 10.02

ಎದೆ ಮೇಲೆ ಗೆರೆ ಇದೆ ಅಂತ ಪಿಪಿಟ್ ಗುರುತಿಸೋದು, ತಲೆ ಮೇಲೆ ಕೂದಲಿದೆ ಅಂತ ಮನುಷ್ಯರನ್ನ ಗುರುತಿಸಿದ ಹಾಗೆ. ನನ್ನಂಥವರು ಅಲ್ಲೂ ಸೋಲ್ತೀವಿ ಬಿಡಿ.

ದಕ್ಷಿಣ ಅಮೆರಿಕದ ಹಕ್ಕಿ ನಾನು ಕಂಡಿಲ್ಲ. ಆದ್ರೆ ಹೆಸರಘಟ್ಟದ ಹುಲ್ಲುಗಾವಲಲ್ಲಿ ಗದ್ದೆ ಪಿಪಿಟ್ಟು ಯಾವುದು, ಚಳಿಗಾಲಕ್ಕೆ ಬರೋ ರಿಚರ್ಡ್ ಪಿಪಿಟ್ಟು ಯಾವುದು ಅಂತ ತಿಳ್ಕೊಳ್ಳೋಕೆ ಮೂರು ಚಳಿಗಾಲ ಸವೆಸಿದ್ದೀನಿ. ಅಲ್ಲಿ ಕಲಿತಿದ್ದು ಇಷ್ಟು: ಮೊದಲು ಕಾಲು ನೋಡು, ಆಮೇಲೆ ಕಿವಿ ಕೊಡು, ಬಣ್ಣ ಕೊನೆಗೆ. ಹಿಂಬೆರಳಿನ ಉಗುರು ಕಾಣೋ ಫೋಟೋ ಇದ್ರೆ ಹಾಕಿ.

ದೂರ್ಬೀನು · ಅಕ್ಟೋಬರ್ 14, ರಾತ್ರಿ 10.15

ಹುಲ್ಲಿನ ಮಧ್ಯೆ ಓಡೋ ಹಕ್ಕಿಯ ಹಿಂಬೆರಳ ಉಗುರು ನೋಡಬೇಕಂತೆ. ಅಜ್ಜ, ಅದಕ್ಕೆ ದೂರ್ಬೀನು ಸಾಲಲ್ಲ, ಪುಣ್ಯ ಮಾಡಿರಬೇಕು.

ಬಯಲುಕಿವಿ · ಅಕ್ಟೋಬರ್ 15, ಬೆಳಿಗ್ಗೆ 6.40

ಬ್ರೆಜಿಲ್‌ನ ರಿಯೊ ಗ್ರಾಂದೆ ದೊ ಸುಲ್‌ನಲ್ಲಿ ಎರಡು ವರ್ಷ ಹುಲ್ಲುಗಾವಲ ಹಕ್ಕಿಗಳ ದನಿ ಮುದ್ರಿಸುವ ಕೆಲಸದಲ್ಲಿದ್ದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೀತೀನಿ. ಚಹಾ ಮಾಡ್ಕೊಂಡು ಓದಿ.

ಮೊದಲು ಎದೆ ಮರೆತುಬಿಡಿ. ಪಾರಾಮೋ ಪಿಪಿಟ್ ಒಂದನ್ನ ಬಿಟ್ರೆ ಈ ಖಂಡದ ಪಿಪಿಟ್‌ಗಳಿಗೆಲ್ಲ ಎದೆಯಲ್ಲಿ ಗೆರೆ ಇದ್ದೇ ಇರುತ್ತೆ. ಗೆರೆ ಎಲ್ಲಿ ನಿಲ್ಲುತ್ತೆ ಅನ್ನೋದು ನೋಡಬೇಕು.

ನಿಮ್ಮ ಮೂರನೇ ಚಿತ್ರ ತೆಗೀರಿ. ಎದೆಯ ಕಪ್ಪು ಗೆರೆಗಳು ಅಲ್ಲಿಗೇ ನಿಲ್ಲದೆ ಪಕ್ಕೆಯುದ್ದಕ್ಕೂ ಇಳಿದಿವೆ. ದಪ್ಪ, ಒರಟು ಗೆರೆ. ಬೆನ್ನ ಮೇಲೆ ಎರಡು ಬಿಳಿ ಪಟ್ಟಿ, ಪ್ಯಾಂಟಿಗೆ ಹಾಕೋ ಹೆಗಲುಪಟ್ಟಿಯ ಹಾಗೆ, ಎಡಕ್ಕೊಂದು ಬಲಕ್ಕೊಂದು. ಹಾರುವಾಗ ಬಾಲದ ಅಂಚಿನ ಗರಿ ಅಚ್ಚ ಬಿಳಿ ಕಂಡಿರಬೇಕು. ಇದು ಕೊರೆಂಡೇರಾ, ಅನುಮಾನವೇ ಬೇಡ. ಆ್ಯಪ್ ನಾಲ್ಕಕ್ಕೂ ಒಂದೇ ಹೆಸರು ಹೇಳಿದ್ದರಿಂದ ಒಂದಾದ್ರೂ ಸರಿಯಾಯ್ತು. ನಿಂತ ಗಡಿಯಾರವೂ ದಿನಕ್ಕೆರಡು ಸಲ ಸರಿ ಹೊತ್ತು ತೋರಿಸುತ್ತಲ್ಲ, ಹಾಗೆ.

ಎರಡನೇ ಚಿತ್ರ. ಎದೆ ಮೇಲೆ ದಟ್ಟ ಗೆರೆ, ಆದ್ರೆ ಒಂದು ಕಡೆ ಕತ್ತರಿ ಹಾಕಿದ ಹಾಗೆ ಫಕ್ಕನೆ ನಿಂತಿದೆ. ಅದರ ಕೆಳಗೆ ಬಿಳಿ ಹೊಟ್ಟೆ, ಪಕ್ಕೆಯಲ್ಲಿ ಏನೂ ಇಲ್ಲ. ಎದೆಗೊಂದು ಕರವಸ್ತ್ರ ಕಟ್ಟಿದ ಹಾಗಿದೆ. ಬೆನ್ನಲ್ಲೂ ಪಟ್ಟಿ ಇಲ್ಲ. ಮೀನಿನ ಹುರುಪೆ ಥರ ಗರಿಗಳ ಅಂಚು ಕಾಣುತ್ತೆ. ಗಂಟಲ ಪಕ್ಕದಲ್ಲಿ ಕಪ್ಪು ಗೆರೆ ಚೆನ್ನಾಗಿ ಎದ್ದಿದೆ. ಇದು ಶಾರ್ಟ್-ಬಿಲ್ಡ್ ಪಿಪಿಟ್, ವೈಜ್ಞಾನಿಕ ಹೆಸರು ಆಂಥಸ್ ಫರ್ಕೇಟಸ್. ದನ ನುಣ್ಣಗೆ ಮೇಯ್ದ ಒಣ ನೆಲ ಅದಕ್ಕೆ ಬಲು ಇಷ್ಟ.

ಒಂದನೆಯದರಲ್ಲಿ ನಿಮ್ಮ ವಾಕ್ಯವೇ ಸುಳಿವು: 'ಬೇಲಿ ಕಂಬದ ಮೇಲೆ ಕೂತು ಹಾಡ್ತಿತ್ತು'. ಉಳಿದವು ಮುಖ್ಯವಾಗಿ ಆಕಾಶದಲ್ಲಿ ಹಾಡೋವು. ಕಂಬ, ಬಂಡೆ, ಎತ್ತರದ ಹುಲ್ಲಿನ ಬುಡ್ಡೆ ಹತ್ತಿ ಪುನಃ ಪುನಃ ಹಾಡೋದು ಹೆಲ್ಮೇರ್ ಪಿಪಿಟ್‌ನ ಚಾಳಿ. ಎದೆ ಗೆರೆ ನೋಡಿ, ಚೂಪು ಪೆನ್ಸಿಲ್‌ನಲ್ಲಿ ಎಳೆದ ಹಾಗೆ ತೆಳು. ಬೆನ್ನಿನ ಬಿಳಿ ಪಟ್ಟಿ ಇಲ್ಲ. ಬಾಲದ ಅಂಚು ಅಚ್ಚ ಬಿಳಿ ಅಲ್ಲ, ಹಾಲಿಗೆ ಸ್ವಲ್ಪ ಡಿಕಾಕ್ಷನ್ ಬಿದ್ದ ಬಣ್ಣ. ಗುಡ್ಡದ ಜಾಗವೂ ಅದರದ್ದೇ.

ನಾಲ್ಕನೆಯದನ್ನ ಫೋಟೋ ನೋಡಿ ಹೇಳೋ ಧೈರ್ಯ ನನಗಿಲ್ಲ. ಅದರ ಸದ್ದು ಇದ್ರೆ ಕಳಿಸಿ.

ಹುಲ್ಲುಗಾವಲಿಗ · ಅಕ್ಟೋಬರ್ 15, ಬೆಳಿಗ್ಗೆ 8.05

ಅಯ್ಯೋ, ನಾನು ಕೊಕ್ಕು ನೋಡಿ ನೋಡಿ ಸುಸ್ತಾಗಿದ್ದೆ! ಪುಸ್ತಕದಲ್ಲಿ 'ಗಿಡ್ಡ ಕೊಕ್ಕಿನ' ಅಂತ ಇದೆಯಲ್ಲ, ನಾಲ್ಕೂ ಹಕ್ಕಿಯ ಕೊಕ್ಕು ಪರದೆ ಮೇಲೆ ಸ್ಕೇಲ್ ಇಟ್ಟು ಅಳೆದಿದ್ದೆ. ನಗಬೇಡಿ.

ಬಯಲುಕಿವಿ · ಅಕ್ಟೋಬರ್ 15, ಬೆಳಿಗ್ಗೆ 8.30

ನಗ್ತಾ ಇಲ್ಲ, ನಾನೂ ಅಳೆದವನೇ. ಗಿಡ್ಡ ಕೊಕ್ಕು ನಿಜ, ಆದ್ರೆ ಪಕ್ಕದಲ್ಲಿ ಇನ್ನೊಂದು ಜಾತಿ ನಿಂತು ಹೋಲಿಸೋಕೆ ಅವಕಾಶ ಕೊಟ್ಟರೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತೆ. ಹಕ್ಕಿಗಳು ಹಾಗೆ ಸಾಲಾಗಿ ನಿಲ್ಲಲ್ಲ.

ಇಲ್ಲೇ ಒಂದು ಸ್ವಾರಸ್ಯ. ಅರ್ಜೆಂಟೀನಾದವರು ಪಿಪಿಟ್‌ಗೆ 'ಕಾಚಿರ್ಲಾ' ಅಂತಾರೆ. ಫರ್ಕೇಟಸ್‌ಗೆ ಅವರಿಟ್ಟ ಹೆಸರು 'ಕಾಚಿರ್ಲಾ ಉನ್ಯಾ ಕೋರ್ತಾ', ಅಂದ್ರೆ ಗಿಡ್ಡ ಉಗುರಿನ ಕಾಚಿರ್ಲಾ. ಇಂಗ್ಲಿಷಿನವರು ಕೊಕ್ಕು ನೋಡಿದ್ರು, ಇವರು ಉಗುರು ನೋಡಿದ್ರು. ನಮ್ಮ ಅಜ್ಜ ಹೇಳಿದ್ದೂ ಉಗುರೇ. ಕೊರೆಂಡೇರಾದ ಹಿಂಬೆರಳ ಉಗುರು ನೇಗಿಲ ಗುಳದ ಹಾಗೆ ಉದ್ದ. ಫರ್ಕೇಟಸ್‌ದು ಅದರ ಪಕ್ಕದಲ್ಲಿ ಮೋಟು. ಹಕ್ಕಿ ಬೋಳು ನೆಲದಲ್ಲಿ ನಡೆಯುವಾಗ, ಕಾಲೆತ್ತಿದ ಗಳಿಗೆಯಲ್ಲಿ ಒಂದು ಕ್ಲಿಕ್ ಸಿಕ್ಕಿದ್ರೆ ಸಾಕು, ಇಬ್ಬರ ಜಗಳ ಮುಗೀತು.

ಅಲ್ಲಿಯ ಉಳಿದ ಹೆಸರುಗಳೂ ಹೀಗೇ. ಹೆಲ್ಮೇರ್ 'ಪಾಲಿದಾ', ಅಂದ್ರೆ ಪೇಲವ. ಅತಿ ಚಿಕ್ಕದು 'ಚೀಕಾ', ಚಿಕ್ಕವಳು. ಚಾಕೊ ಪಿಪಿಟ್ 'ತ್ರಿನಾದೋರಾ', ಕಂಪಿಸುವ ದನಿಯಲ್ಲಿ ಹಾಡೋಳು. ಹೆಲ್ಮೇರ್ ಅನ್ನೋ ಹೆಸರಲ್ಲಿ ಆಸ್ಟ್ರಿಯಾದ ಪಕ್ಷಿತಜ್ಞರೊಬ್ಬರ ಗೌರವ ಇದೆ, ಸರಿ, ಆದ್ರೆ ಹುಲ್ಲಲ್ಲಿ ನಿಂತವನಿಗೆ ಅದರಿಂದ ಏನು ಸಿಕ್ತು?

ಮಲ್ನಾಡ್ ಮಿಂಚುಳ್ಳಿ · ಅಕ್ಟೋಬರ್ 15, ಮಧ್ಯಾಹ್ನ 1.20

ಹೊಸಬಳು, ದಡ್ಡ ಪ್ರಶ್ನೆ ಕ್ಷಮಿಸಿ. ಹುಲ್ಲಲ್ಲಿ ಇರೋ ಕಂದು ಹಕ್ಕಿ ನೆಲಗುಬ್ಬಿ (ಲಾರ್ಕ್) ಯಾಕಾಗಿರಬಾರದು? ನಮ್ಮ ಕಡೆ ನನಗೆ ಈ ಎರಡರದ್ದೇ ಗೊಂದಲ.

ಬಯಲುಕಿವಿ · ಅಕ್ಟೋಬರ್ 15, ಮಧ್ಯಾಹ್ನ 1.45

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ದಕ್ಷಿಣ ಅಮೆರಿಕದಲ್ಲಿ ನೆಲಗುಬ್ಬಿ ಕುಟುಂಬವೇ ಇಲ್ಲ ಅಂದ್ರೂ ನಡೆಯುತ್ತೆ. ಕೊಲಂಬಿಯಾದ ಬೊಗೊಟಾ ಸುತ್ತಲಿನ ಎತ್ತರದ ಬಯಲಲ್ಲಿ ಕೊಂಬಿನ ನೆಲಗುಬ್ಬಿಯ ಒಂದು ಪುಟ್ಟ ಗುಂಪಿದೆ, ಅಷ್ಟೇ. ಏಷ್ಯಾ, ಯುರೋಪಿನಲ್ಲಿ ಬಾನಾಡಿ (ಸ್ಕೈಲಾರ್ಕ್ ಅನ್ನೋ ನೆಲಗುಬ್ಬಿ) ಮಾಡೋ ಕೆಲಸವನ್ನ, ಅಂದ್ರೆ ಮೇಲಕ್ಕೇರಿ ಹಾಡು ಸುರಿಸೋದನ್ನ, ಅಲ್ಲಿ ಪಿಪಿಟ್‌ಗಳು ಮಾಡ್ತವೆ. ಫಾಕ್‌ಲ್ಯಾಂಡ್ ದ್ವೀಪದ ಜನ ಅಲ್ಲಿನ ಕೊರೆಂಡೇರಾವನ್ನ 'ಸ್ಕೈಲಾರ್ಕ್' ಅಂತಲೇ ಕರೀತಾರೆ. ಚಿಲಿಯಲ್ಲಿ ಅದೇ ಹಕ್ಕಿ 'ಬೈಲರೀನ್ ಚೀಕೊ', ಪುಟ್ಟ ನರ್ತಕ.

ಅಲ್ಲಿ ನಿಮ್ಮನ್ನ ಮೋಸ ಮಾಡೋದು ಬೇರೆ ಗುಂಪು, ಮೈನರ್ ಅಂತ. ಕಂದು ಬಣ್ಣ, ನೆಲದ ಮೇಲೇ ಓಡಾಟ, ಬಿಲ ತೋಡಿ ಗೂಡು. ಆದ್ರೆ ಮೈ ಮೇಲೆ ಪಿಪಿಟ್‌ನಷ್ಟು ಗೆರೆ ಇಲ್ಲ, ಕೊಕ್ಕು ತುದಿಯಲ್ಲಿ ಬಾಗಿದೆ.

ದೂರ್ಬೀನು · ಅಕ್ಟೋಬರ್ 15, ಸಂಜೆ 6.12

ಒಂದು ತಕರಾರು. ಬಯಲುಕಿವಿಯವರು ಪಕ್ಕೆಯ ಗೆರೆ, ಬೆನ್ನ ಪಟ್ಟಿ ಅಂತ ಹೇಳಿದ್ದೆಲ್ಲ ಹೊಸ ಪುಕ್ಕದ ಹಕ್ಕಿಗೆ ಸರಿ. ನಾನು ಜನವರಿಯಲ್ಲಿ ಪ್ಯಾಟಗೋನಿಯಾಕ್ಕೆ ಹೋಗಿದ್ದಾಗ ಕಂಡ ಕೊರೆಂಡೇರಾಗಳ ಬೆನ್ನ ಪಟ್ಟಿ ಸವೆದು ಮಾಸಿಹೋಗಿತ್ತು. ಮರಿ ಸಾಕಿ ಸಾಕಿ ಹಕ್ಕಿ ಹಳೇ ಕಂಬಳಿ ಥರ ಆಗಿತ್ತು. ಪೇಲವ ಅಂಚು ಸವೆದಂತೆ ಎದೆಯ ಗೆರೆ ಇನ್ನೂ ಕಪ್ಪಾಗಿ ಕಾಣುತ್ತೆ. ಆಗ ಹೆಲ್ಮೇರ್ ಕೂಡ ದಪ್ಪ ಗೆರೆಯ ಹಕ್ಕಿ ಥರ ಕಾಣಬಹುದು. ತಿಂಗಳು ಹೇಳದೆ ಪುಕ್ಕದ ಬಗ್ಗೆ ಮಾತಾಡೋದು, ಹೊತ್ತು ಹೇಳದೆ ನೆರಳು ಅಳೆದ ಹಾಗೆ.

ಬಯಲುಕಿವಿ · ಅಕ್ಟೋಬರ್ 15, ಸಂಜೆ 6.50

ಒಪ್ಪಿದೆ, ನಾನೇ ಹೇಳಬೇಕಿತ್ತು. ಇವು ಅಕ್ಟೋಬರ್ ಮೊದಲ ಭಾಗದ ಚಿತ್ರ, ಪುಕ್ಕ ಇನ್ನೂ ಅಷ್ಟು ಸವೆದಿಲ್ಲ, ಅದಕ್ಕೇ ಧೈರ್ಯವಾಗಿ ಹೇಳಿದೆ. ಜನವರಿ ಚಿತ್ರ ಆಗಿದ್ರೆ ಒಂದನೇ ಹಕ್ಕಿಯನ್ನ ಹಾಡಿನ ಮೇಲಷ್ಟೇ ಹೇಳ್ತಿದ್ದೆ.

ಎತ್ತರದ ಹಾದಿ · ಅಕ್ಟೋಬರ್ 15, ರಾತ್ರಿ 11.30

ತಡವಾಗಿ ಸೇರಿದೆ. ಪೆರು, ಬೊಲಿವಿಯಾ ಸುತ್ತಿ ಬಂದವನು ನಾನು. ನನ್ನ ಆನ್‌ಲೈನ್ ಹಕ್ಕಿ ಪಟ್ಟಿಯಲ್ಲಿ ಟಿಟಿಕಾಕಾ ಸರೋವರದ ಹತ್ತಿರ ಕಂಡ ಶಾರ್ಟ್-ಬಿಲ್ಡ್ ಪಿಪಿಟ್ ಇತ್ತು. ಒಂದು ದಿನ ನೋಡ್ತೀನಿ, ಅದರ ಹೆಸರು ತಾನಾಗೇ 'ಪೂನಾ ಪಿಪಿಟ್' ಆಗಿಬಿಟ್ಟಿದೆ! ನಮ್ಮ ಪುಣೆಗೂ ಅದಕ್ಕೂ ಏನು ಸಂಬಂಧ ಅಂತ ಒಂದು ಕ್ಷಣ ತಲೆ ಕೆಟ್ಟಿತು.

ಬಯಲುಕಿವಿ · ಅಕ್ಟೋಬರ್ 16, ಬೆಳಿಗ್ಗೆ 7.00

ಹ್ಹ ಹ್ಹ. ಪೂನಾ ಅಂದ್ರೆ ಆಂಡಿಸ್‌ನ ಎತ್ತರದ ಒಣ ಹುಲ್ಲುಗಾವಲು.

2018ರಲ್ಲಿ ಐಬಿಸ್ ಅನ್ನೋ ಪಕ್ಷಿವಿಜ್ಞಾನ ಪತ್ರಿಕೆಯಲ್ಲಿ ಈ ಖಂಡದ ಪಿಪಿಟ್‌ಗಳ ವಂಶವಾಹಿ ಮತ್ತು ದನಿ ಎರಡನ್ನೂ ಜೊತೆಗಿಟ್ಟು ಮಾಡಿದ ಅಧ್ಯಯನ ಬಂತು. ಬಯಲು ಸೀಮೆಯ ಫರ್ಕೇಟಸ್ ಬೇರೆ, ಆಂಡಿಸ್ ಮೇಲಿನ ಬ್ರೆವಿರಾಸ್ಟ್ರಿಸ್ (ನಿಮ್ಮ ಪೂನಾ ಪಿಪಿಟ್) ಬೇರೆ ಅನ್ನೋದು ಆಮೇಲೆ ಹಕ್ಕಿಜಾತಿಗಳ ಪಟ್ಟಿಗಳಿಗೂ ಬಂತು. ಹಾಗೇ ಪೆರುವಿನ ಶಾಂತಸಾಗರದ ಅಂಚಿನಲ್ಲಿರೋ ಚಿಕ್ಕ ಹಳದಿ ಪಿಪಿಟ್ಟೂ ಈಗ ಪೆರುವಿಯನ್ ಪಿಪಿಟ್ ಅಂತ ಪ್ರತ್ಯೇಕ. ನೋಡೋಕೆ ಅಣ್ಣತಮ್ಮ, ಬೇರೆಯಾಗಿ ಬಹಳ ಕಾಲ ಆಗಿದೆ.

ಇದಕ್ಕೆ ವಿರುದ್ಧದ ಕಥೆಯೂ ಅಲ್ಲೇ ಇದೆ. ದಕ್ಷಿಣ ಜಾರ್ಜಿಯಾ ದ್ವೀಪದ ಪಿಪಿಟ್, ಜಗತ್ತಿನಲ್ಲೇ ಅತಿ ದಕ್ಷಿಣಕ್ಕಿರೋ ಹಾಡುಹಕ್ಕಿ. ಫಾಕ್‌ಲ್ಯಾಂಡ್‌ನಿಂದ ಸುಮಾರು 1,400 ಕಿಲೋಮೀಟರ್ ಸಮುದ್ರದಾಚೆ ಕೂತಿದೆ. ಅಷ್ಟು ದೂರ ಇದ್ರೂ ವಂಶವಾಹಿ ನೋಡಿದ್ರೆ ಕೊರೆಂಡೇರಾದ ಮನೆಯೊಳಗಿನ ಕೂಸು.

ಹೆಸರಘಟ್ಟದಜ್ಜ · ಅಕ್ಟೋಬರ್ 16, ಬೆಳಿಗ್ಗೆ 9.15

ಆ ದ್ವೀಪದಲ್ಲಿ ಇಲಿ ಕಾಟ ಅಂತ ಓದಿದ್ದ ನೆನಪು?

ಬಯಲುಕಿವಿ · ಅಕ್ಟೋಬರ್ 16, ಬೆಳಿಗ್ಗೆ 9.40

ಹೌದು ಅಜ್ಜ. ಸೀಲ್ ಬೇಟೆ, ತಿಮಿಂಗಿಲ ಬೇಟೆಯವರ ಹಡಗಿನಲ್ಲಿ ಬಂದ ಇಲಿಗಳು ನೆಲದ ಮೇಲೆ ಗೂಡು ಕಟ್ಟೋ ಪಿಪಿಟ್‌ಗಳನ್ನ ಮುಖ್ಯ ದ್ವೀಪದ ಬಹುಪಾಲು ಕಡೆಯಿಂದ ಅಳಿಸಿಹಾಕಿದ್ದವು. ಉಳಿದದ್ದು ಇಲಿ ಮುಟ್ಟದ ಸಣ್ಣ ದ್ವೀಪಗಳಲ್ಲಿ. ಹೆಲಿಕಾಪ್ಟರ್‌ನಿಂದ ವಿಷದ ಗುಳಿಗೆ ಹರಡಿ, 2018ರಲ್ಲಿ ದ್ವೀಪ ಇಲಿಮುಕ್ತ ಅಂತ ಘೋಷಿಸಿದ್ರು. ಪಿಪಿಟ್‌ಗಳು ಮರಳಿ ಬಂದಿವೆ. ಅಲ್ಲಿ ಗುರುತಿಸೋ ತಲೆನೋವೂ ಇಲ್ಲ, ಇರೋದೇ ಒಂದು.

ದೂರ್ಬೀನು · ಅಕ್ಟೋಬರ್ 16, ಬೆಳಿಗ್ಗೆ 9.52

ಹುಲ್ಲುಗಾವಲಿಗರೇ, ಟಿಕೆಟ್ ಬದಲಾಯಿಸಿ.

ಗೌಚೊ ಗೌಡ್ತಿ · ಅಕ್ಟೋಬರ್ 16, ಸಂಜೆ 4.25

ನಾನು ಪೋರ್ಟೊ ಅಲೆಗ್ರೆಯಲ್ಲಿದ್ದೇನೆ. ಯಾರೂ ನನ್ನ ಚಿನ್ನದ ಹಕ್ಕಿ ಬಗ್ಗೆ ಮಾತಾಡ್ಲಿಲ್ಲ ಅಂತ ಬೇಜಾರು. ಆಂಥಸ್ ನ್ಯಾಟರರೈ ಅನ್ನೋ ಪಿಪಿಟ್! ಎದೆ, ಮುಖ ಎಲ್ಲ ಅರಿಶಿನ ಹಚ್ಚಿದ ಹಾಗೆ ಹೊನ್ನಿನ ಬಣ್ಣ, ಅದರ ಮೇಲೆ ಕಪ್ಪು ಗೆರೆ. ಈ ಗುಂಪಿನಲ್ಲಿ ಬಣ್ಣ ನೋಡಿಯೇ ಹೇಳಬಹುದಾದ ಅಪರೂಪದ ಹಕ್ಕಿ ಇದು. ಇಲ್ಲಿನವರು ಪಿಪಿಟ್‌ಗೆ 'ಕಾಮಿನ್ಯೇರೊ', ನಡೆಯೋನು ಅಂತಾರೆ.

ನಾನು ನೋಡಿದ್ದು ರಿಯೊ ಗ್ರಾಂದೆ ದೊ ಸುಲ್ ರಾಜ್ಯದ ಈಶಾನ್ಯ ಮೂಲೆಯ ಎತ್ತರದ ಕಾಂಪೋಸ್‌ನಲ್ಲಿ, ಅಂದ್ರೆ ಹುಲ್ಲುಗಾವಲಲ್ಲಿ. ಚಳಿಗಾಲದ ಕೊನೆಗೆ ರೈತರು ಒಣಹುಲ್ಲು ಸುಡ್ತಾರೆ, ಕೆಲವೇ ವಾರದಲ್ಲಿ ಚಿಗುರು ಬರುತ್ತೆ, ಈ ಹಕ್ಕಿ ಅಲ್ಲಿ ಹಾಜರ್. ಗಂಡು ಮೇಲೇರಿ ಹಾಡ್ತಾ ಹಾಡ್ತಾ ಕಲ್ಲು ಬಿದ್ದ ಹಾಗೆ ಇಳಿಯೋದು, ಕೊನೆಗೊಂದು ಮೂಗಿನ ದನಿ. ಎರಡನೇ ಸಲ ಅದೇ ಜಾಗಕ್ಕೆ ಹೋದಾಗ ಅರ್ಧ ಬಯಲು ಪೈನ್ ನೆಡುತೋಪು ಆಗಿತ್ತು, ಇನ್ನರ್ಧ ಸೋಯಾ. ಹಕ್ಕಿ ಇರಲಿಲ್ಲ. ಹೆಸರಿನಲ್ಲಿರೋ ನ್ಯಾಟರರ್ 1817ರಲ್ಲಿ ಬ್ರೆಜಿಲ್‌ಗೆ ಬಂದು 18 ವರ್ಷ ಇದ್ದು ಹಕ್ಕಿ ಸಂಗ್ರಹಿಸಿದವನು. ಅವನು ಕಂಡ ಹುಲ್ಲುಗಾವಲಲ್ಲಿ ಇವತ್ತು ಎಷ್ಟು ಉಳಿದಿದೆ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಹುಲ್ಲುಗಾವಲಿಗ · ಅಕ್ಟೋಬರ್ 18, ರಾತ್ರಿ 8.40

ಮತ್ತೆ ಹೋಗಿದ್ದೆ, ಬರೀ ನಾಲ್ಕನೇ ಹಕ್ಕಿಗಾಗಿ. ಹೊಂಡದ ಅಂಚಿನಲ್ಲಿ ಒಂದು ಗಂಡು ಎದ್ದು ಹತ್ತಿಪ್ಪತ್ತು ಅಡಿ ಮೇಲಕ್ಕೆ ಹಾರಿತು, ಜಿಪ್ ಜಿಪ್ ಜಿಪ್ ಅಂತ ಏರ್ತಾ. ಆಮೇಲೆ ರೆಕ್ಕೆ ತೆರೆದು ಜಾರುವಾಗ ಒಂದು ಉದ್ದನೆಯ ಜ಼ೀ಼ಽಽಽಽ, ಕೆಳಗೆ ಬರ್ತಾ ಬರ್ತಾ ಸ್ವರವೂ ಇಳೀತಿತ್ತು. ಗಾಳಿಪಟದ ದಾರ ಗಾಳಿಗೆ ಗುಂಯ್‌ಗುಡೋ ಹಾಗೆ. ಮುಗೀತು, ಹುಲ್ಲಲ್ಲಿ ಕೂತಿತು. ಧ್ವನಿ ಹಾಕಿದ್ದೇನೆ, ಹಿಂದೆ ದನ ಅರಚೋದಕ್ಕೆ ಕ್ಷಮಿಸಿ.

ಬಯಲುಕಿವಿ · ಅಕ್ಟೋಬರ್ 18, ರಾತ್ರಿ 9.05

ದನ ಅರಚಿದ್ರೂ ಸ್ಪಷ್ಟ ಇದೆ. ಇದು ಚಿಕ್ಕವಳೇ, ಯೆಲ್ಲೋಯಿಶ್ ಪಿಪಿಟ್. ಸುಮಾರು 13 ಸೆಂಟಿಮೀಟರ್, ಕೊರೆಂಡೇರಾಗಿಂತ ಸ್ವಲ್ಪ ಗಿಡ್ಡ. ಬ್ರೆಜಿಲ್‌ನಲ್ಲಿ ಇದಕ್ಕೆ 'ಝುಂಬಿದೋರ್', ಗುಂಯ್‌ಗುಡೋನು ಅನ್ನೋ ಹೆಸರಿರೋದು ಆ ಜ಼ೀ಼ಽಽಽಽ ಕಾರಣಕ್ಕೇ. ನಿಮ್ಮ ಗಾಳಿಪಟದ ಹೋಲಿಕೆ ನಾನು ಕದೀತೀನಿ.

ಹಳೇ ಪುಸ್ತಕದಲ್ಲಿ ಇದು ಆಂಥಸ್ ಲ್ಯುಟೆಸೆನ್ಸ್, ಹೊಸ ಪಟ್ಟಿಯಲ್ಲಿ ಆಂಥಸ್ ಚೀ. ಎರಡೂ ಒಂದೇ.

ಮಲ್ನಾಡ್ ಮಿಂಚುಳ್ಳಿ · ಅಕ್ಟೋಬರ್ 18, ರಾತ್ರಿ 9.11

ಏನಂದ್ರಿ? ಚೀ? ಪಾಪ, ಅಷ್ಟು ಮುದ್ದಾದ ಹಕ್ಕಿಗೆ ಯಾರು ಛೀ ಅಂದಿದ್ದು 😂

ಬಯಲುಕಿವಿ · ಅಕ್ಟೋಬರ್ 18, ರಾತ್ರಿ 9.25

ಹಕ್ಕಿ ತಾನೇ ಹೇಳ್ಕೊಂಡಿದ್ದು! ಫೆಲಿಕ್ಸ್ ದೆ ಅಸಾರಾ ಅಂತ ಸ್ಪೇನಿನ ಸೇನಾಧಿಕಾರಿ, ಗಡಿ ಗುರುತಿಸೋ ಕೆಲಸಕ್ಕೆ ಪರಾಗ್ವೆ ಕಡೆ ಬಂದು ವರ್ಷಗಟ್ಟಲೆ ಅಲ್ಲೇ ಉಳಿದ. ಹೊತ್ತು ಕಳೆಯೋಕೆ ಹಕ್ಕಿಗಳ ಟಿಪ್ಪಣಿ ಬರೆದ. ಈ ಹಕ್ಕಿಯ ದನಿ ಕೇಳಿ 'ಚೀ' ಅಂತಲೇ ಹೆಸರಿಟ್ಟ. ಕೊರೆಂಡೇರಾ ಅನ್ನೋ ಹೆಸರೂ ಅವನದ್ದೇ. ಅವನ ಬರಹ ಓದಿ 1818ರಲ್ಲಿ ಫ್ರಾನ್ಸಿನ ಪಕ್ಷಿತಜ್ಞ ವಿಯೆಯೊ ಎರಡಕ್ಕೂ ವೈಜ್ಞಾನಿಕ ಹೆಸರು ಕೊಟ್ಟ. ಈ ಗೊಂದಲದ ಗುಂಪನ್ನ ಕಿವಿಯಿಂದ ಗುರುತಿಸಬೇಕು ಅನ್ನೋದು ಅಸಾರಾಗೆ ರೆಕಾರ್ಡರ್ ಇಲ್ಲದೆಯೇ ಹೊಳೆದಿತ್ತು.

ಹುಲ್ಲುಗಾವಲಿಗ · ಅಕ್ಟೋಬರ್ 18, ರಾತ್ರಿ 10.00

ಇನ್ನೊಂದು ಸಂಗತಿ ಉಳಿದಿದೆ. ಅದೇ ದಿನ ಹತ್ತು ಕಿಲೋಮೀಟರ್ ಆಚೆ, ಒಣ ಹೊಲದ ಮೇಲೆ, ತುಂಬಾ ಎತ್ತರದಲ್ಲಿ ಒಂದು ಹಾಡ್ತಿತ್ತು. ಬರಿಗಣ್ಣಿಗೆ ಚುಕ್ಕಿ. ನಾನು ಹುಲ್ಲಲ್ಲಿ ಅಂಗಾತ ಮಲಗಿ ಕಾದೆ. ಇಳಿಯಲೇ ಇಲ್ಲ! ಒಂದೇ ಸಮನೆ ಟಿಟಿಟಿಟಿ-ಜ಼ರ್ರ್ ಅಂತ ಮಿಷನ್ ಥರ. ನಾಲ್ಕು ನಿಮಿಷ ಲೆಕ್ಕ ಇಟ್ಟೆ, ಆಮೇಲೆ ಕಣ್ಣಿಗೆ ಬಿಸಿಲು ಬಿದ್ದು ಹಕ್ಕಿ ಕಳ್ಕೊಂಡೆ. ಇಳಿದದ್ದೂ ಕಾಣಲಿಲ್ಲ, ಬೆನ್ನೂ ಕಾಣಲಿಲ್ಲ, ಪಕ್ಕೆಯೂ ಕಾಣಲಿಲ್ಲ. ಹನ್ನೆರಡು ಸೆಕೆಂಡಿನ ಧ್ವನಿ ಇದೆ, ಗಾಳಿಯೇ ಹೆಚ್ಚು.

ಬಯಲುಕಿವಿ · ಅಕ್ಟೋಬರ್ 18, ರಾತ್ರಿ 10.20

ಎದ್ದು ಕೂತೆ! ಚಾಕೊ ಪಿಪಿಟ್, ತ್ರಿನಾದೋರಾ ಇರಬಹುದು. 1952ರಲ್ಲಿ ವೈಜ್ಞಾನಿಕ ಹೆಸರು ಸಿಕ್ಕಿದಾಗ ಚಾಕೊ ಪ್ರದೇಶದ, ಅಂದ್ರೆ ಪರಾಗ್ವೆ, ಉತ್ತರ ಅರ್ಜೆಂಟೀನಾ ಕಡೆಯ ಬಯಲಿನ ಹಕ್ಕಿ ಅಂದುಕೊಂಡ್ರು. ಆಮೇಲೆ ನೋಡಿದ್ರೆ ಅದು ಅಲ್ಲಿಗೆ ಹೋಗೋದು ಚಳಿಗಾಲ ಕಳೆಯೋಕೆ. ಗೂಡು ಕಟ್ಟೋದು ಅರ್ಜೆಂಟೀನಾದ ಪಂಪಾಸ್‌ನಲ್ಲಿ. ಅದಕ್ಕೇ ಈಗ ಪಂಪಾಸ್ ಪಿಪಿಟ್ ಅನ್ನೋ ಹೆಸರೂ ಚಾಲ್ತಿಯಲ್ಲಿದೆ. ಕೈಯಲ್ಲಿ ಹಿಡಿದು ನೋಡಿದ್ರೂ ಚೀ ಜೊತೆ ಗೊಂದಲ ಆಗುವಂಥದ್ದು. ಬೆನ್ನಿನ ಪೇಲವ ಗೆರೆ ಸ್ವಲ್ಪ ಹೆಚ್ಚು ಎದ್ದು ಕಾಣುತ್ತೆ ಅಷ್ಟೇ. ಹಾಡಲ್ಲಿ ಮಾತ್ರ ಆಕಾಶ-ಭೂಮಿ ಅಂತರ: ಚೀ ಒಂದು ಸಲ ಏರಿ ಇಳಿಯುತ್ತೆ, ಇವಳು ಮೇಲೇ ನಿಂತುಬಿಡ್ತಾಳೆ.

ಆದ್ರೆ ಧ್ವನಿ ಕೇಳಿದೆ, ಮೂರು ಸಲ. ಗಾಳಿಯಲ್ಲಿ ಸ್ವರದ ಕೊನೆ ಮುಳುಗಿಹೋಗಿದೆ. ನಾನು ಸಹಿ ಹಾಕಲಾರೆ.

ದೂರ್ಬೀನು · ಅಕ್ಟೋಬರ್ 18, ರಾತ್ರಿ 10.31

ಅಷ್ಟೆಲ್ಲ ವಿವರಿಸಿ ಕೊನೆಗೆ ಹೀಗಾ? ನಾಲ್ಕು ನಿಮಿಷ ಮೇಲಿತ್ತು ಅಂತಿದ್ದಾರಲ್ಲ, ಬರ್ಕೊಳ್ಳಲಿ ಬಿಡಿ.

ಹೆಸರಘಟ್ಟದಜ್ಜ · ಅಕ್ಟೋಬರ್ 18, ರಾತ್ರಿ 10.44

ಬೇಡ. ನನ್ನ 1990ರ ದಶಕದ ಡೈರಿಯಲ್ಲಿ ಹದಿನೇಳು ಕಡೆ ಬರೀ 'ಪಿಪಿಟ್' ಅಂತ ಇದೆ. ಆ ಹದಿನೇಳನ್ನ ಮಾತ್ರ ಇವತ್ತಿಗೂ ತಿದ್ದಬೇಕಾಗಿ ಬಂದಿಲ್ಲ.

ಹುಲ್ಲುಗಾವಲಿಗ · ಅಕ್ಟೋಬರ್ 18, ರಾತ್ರಿ 11.02

ಪಟ್ಟಿ ತಿದ್ದಿದೆ: ಹೆಲ್ಮೇರ್ 1, ಶಾರ್ಟ್-ಬಿಲ್ಡ್ 1, ಕೊರೆಂಡೇರಾ 1, ಚೀ 2, ಆಂಥಸ್ ಜಾತಿ ಗೊತ್ತಿಲ್ಲ 1. ಶನಿವಾರ ಅದೇ ಹೊಲಕ್ಕೆ ಹೋಗ್ತೀನಿ. ಗಾಳಿ ತಡೆಯೋಕೆ ಮೈಕಿಗೆ ಹಳೇ ಉಣ್ಣೆ ಕಾಲುಚೀಲ ಸುತ್ತಿದ್ರೆ ಸಾಕಾ, ಬಯಲುಕಿವಿ?

ಬಯಲುಕಿವಿ · ಅಕ್ಟೋಬರ್ 18, ರಾತ್ರಿ 11.06

ಎರಡು ಸುತ್ತಿ. ಬೆಳಿಗ್ಗೆ ಗಾಳಿ ಏಳೋದಕ್ಕೆ ಮುಂಚೆ ಅಲ್ಲಿರಿ.